ಗುಬ್ಬಿಯಲ್ಲಿ ನಡೆದ ಬಲೊಟಾಜ್

ತಿಳಿಯದೆ ಕೆಟ್ಟವರನ್ನು ಕಂಡರೆ ಲೋಕ ಅಯ್ಯೋ ಪಾಪ ಅನ್ನುತ್ತದೆ. ತಿಳಿದದ್ದನ್ನು ಹೇಳದೆ ಇರಲಾರದೆ ಕೆಟ್ಟ ನನ್ನಂಥವರಿಗೆ ಆ ಪಾಪವೂ ಸಿಕ್ಕುವುದಿಲ್ಲ. ನಾನು ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ಎಂಬತ್ತೊಂದರಲ್ಲಿ ಫ್ರಾನ್ಸಿನ ಚುನಾವಣೆಯ ಸುದ್ದಿ ಓದಿದವನೇ ‘ಬಲೊಟಾಜ್’ ಎಂಬ ಪದವನ್ನು ಸಹೋದ್ಯೋಗಿಗಳ ಮುಂದೆ ಬಿಚ್ಚಿಟ್ಟೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಓಟು ಬಾರದಿದ್ದರೆ ಮುಂದಿರುವ ಇಬ್ಬರನ್ನೇ ಉಳಿಸಿಕೊಂಡು ಮತ್ತೊಮ್ಮೆ ಓಟು ಹಾಕಿಸುವುದು. ಪದದ ಬೇರು ಪುಟ್ಟ ಗುಂಡಿನಲ್ಲಿದೆ. ಹಿಂದೆ ಪೆಟ್ಟಿಗೆಗೆ ಗುಂಡು ಹಾಕಿಯೇ ಓಟು ಕೊಡುತ್ತಿದ್ದರಂತೆ. ಎಲ್ಲರೂ ಬೋಂಡ ತಿಂದು ಎದ್ದುಹೋದರು. ಗಣಿತದ ಶಿವಣ್ಣ ಒಬ್ಬ ಮಾತ್ರ ಕೊನೆಯವರೆಗೂ ಕೇಳಿದ.

ಈ ಶಿವಣ್ಣನ ತಂಗಿ ಗಿರಿಜೆಯನ್ನು ನಾನು ಆಗಷ್ಟೇ ಗುಬ್ಬಿಗೆ ಹೋಗಿ ನೋಡಿಬಂದಿದ್ದೆ. ಕಾಫಿ ಕೊಡುವಾಗ ಅವಳು, “ಸಕ್ಕರೆ ಸಾಕಾ?” ಎಂದು ಕೇಳಿದ್ದಳು. ಅಂದಿನಿಂದ ಕುಡಿದ ಯಾವ ಕಾಫಿಗೂ ನನಗೆ ಸಕ್ಕರೆ ಸಾಕಾಗಿರಲಿಲ್ಲ.

ಅವಳಿಗೆ ಇನ್ನೂ ಎರಡು ಸಂಬಂಧ ಬಂದಿದ್ದವು: ಕುಣಿಗಲ್ಲಿನ ಬ್ಯಾಂಕ್ ಗುಮಾಸ್ತ, ಊರ್ಡಿಗೆರೆಯ ಜಮೀನ್ದಾರ. ಗಿರಿಜೆಯ ತಾತ ಹಿಂದೆ ಪಂಚಾಯ್ತಿ ಛೇರ್ಮನ್ ಆಗಿದ್ದವರು. ಸಾರಿಗೆ ಯಾವ ತರಕಾರಿ ಎನ್ನುವುದನ್ನೂ ಓಟು ಹಾಕಿಸಿಯೇ ತೀರ್ಮಾನಿಸುವವರು. ತಂಬಿಗೆಗೆ ಟವಲು ಮುಚ್ಚಿ ಗಂಡಿಗೊಂದು ಕಾಳು ಗೊತ್ತುಮಾಡಿದರು. ನನಗೆ ಅವರೆ, ಬ್ಯಾಂಕಿಗೆ ಕಡಲೆ, ಜಮೀನಿಗೆ ಹುರುಳಿ. ಗಿರಿಜೆಯೂ ಸೇರಿ ಮನೆಯವರು ಒಂಬತ್ತು ಜನ. ಸುರಿದಾಗ ನಾಲ್ಕು ಅವರೆ, ಮೂರು ಕಡಲೆ, ಎರಡು ಹುರುಳಿ. ಮೇಷ್ಟ್ರೇ ಅಳಿಯ ಎಂದು ತಾತ ಎಲೆಯಡಿಕೆಗೆ ಕೈಹಾಕಿದ್ದರಂತೆ.

“ಇರು ತಾತ,” ಅಂದನಂತೆ ಶಿವಣ್ಣ. “ಅರ್ಧಕ್ಕಿಂತ ಜಾಸ್ತಿ ಬರ್ದಿದ್ರೆ ಗೆದ್ದಂಗಲ್ಲ ಅಂತ ಆ ಮೇಷ್ಟ್ರೇ ಹೇಳವ್ರೆ.”

“ಹಂಗಾರೆ ಅವ್ರನ್ನೇ ಕರ್ಕೊಂಬಾ. ಕೇಳೇಬುಡಾನ.”

ಗುಬ್ಬಿಯ ಬಸ್ಸಿನಲ್ಲಿ ಶಿವಣ್ಣ ಇಷ್ಟನ್ನೂ ನನಗೆ ಹೇಳಿದ. “ಅದೆಲ್ಲ ಫ್ರಾನ್ಸಿಗೆ, ನಮಗಲ್ಲ ತಾತ” ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ಗಿರಿಜೆ ನನ್ನವಳು. ಆದರೆ ಜಗುಲಿಯ ತುಂಬ ಜನ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದರು, ಬಾಗಿಲ ಮರೆಯಲ್ಲಿ ಗಿರಿಜೆ. ಇಂಥ ಕ್ಲಾಸು ನನಗೆ ಸರ್ವೀಸಿನಲ್ಲೇ ಸಿಕ್ಕಿರಲಿಲ್ಲ. ಗುಂಡಿನಿಂದ ಶುರುಮಾಡಿ, ರಾಜರನ್ನೆಲ್ಲ ಮುಗಿಸಿ, ದೀಪ ಹಚ್ಚುವ ಹೊತ್ತಿಗೆ ಬಲೊಟಾಜಿಗೆ ಬಂದೆ. “ನ್ಯಾಯ ಅಂದ್ರೆ ಇದು!” ಎಂದು ತಾತ ತಲೆದೂಗಿದರು. ಮರುದಿನ ಎರಡನೇ ಸಲ ಕಾಳು ಹಾಕಿಸಿದರು. ಐದು ಕಡಲೆ, ನಾಲ್ಕು ಅವರೆ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡಿದ್ದೆ.

ಮುಂದೆ ನನಗೂ ಮದುವೆಯಾಯಿತು. ಹೆಂಡತಿ ಒಳ್ಳೆಯವಳು. ಆದರೂ ಅವರೆಕಾಯಿ ಕಾಲ ಬಂತೆಂದರೆ ಎದೆ ಭಾರವಾಗುತ್ತಿತ್ತು. ಆ ನಾಲ್ಕರಲ್ಲಿ ಒಂದು ಕಾಳು ಗಿರಿಜೆಯದೇ ಎಂಬ ನಂಬಿಕೆ. ಹಿತಕಿದ ಬೇಳೆ ಸಾರಿನ ಮುಂದೆ ಸುಮ್ಮನೆ ಕೂತರೆ ಹೆಂಡತಿ, “ಉಪ್ಪು ಕಮ್ಮಿಯಾಯ್ತಾ?” ಎನ್ನುತ್ತಿದ್ದಳು.

ಮೊನ್ನೆ ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಗಿರಿಜೆ ಸಿಕ್ಕಳು. ತಡೆಯಲಾರದೆ ಕೇಳಿಯೇಬಿಟ್ಟೆ. ಅವಳು ನಕ್ಕಳು.

“ಮೊದಲ್ನೇ ಸಲ ಅವರೆಕಾಳೇ ಹಾಕಿದ್ದೆ ಮೇಷ್ಟ್ರೇ.”

ನಾನು ಒಂದು ಹೆಜ್ಜೆ ಮುಂದೆ ಬಂದೆ. “ಎರಡನೇ ಸಲ?”

“ಅವತ್ತು ನೀವು ಅಷ್ಟೊತ್ತು ಮಾತಾಡಿದ್ರಲ್ಲ, ಮಧ್ಯೆ ನಾನೊಂದು ಮಾತು ಕೇಳ್ದೆ. ಫ್ರಾನ್ಸಲ್ಲಿ ಹೆಂಗಸ್ರಿಗೂ ಓಟು ಇದ್ಯಾ ಅಂತ. ‘ಇರಮ್ಮ, ಅದಕ್ಕೇ ಬರ್ತೀನಿ’ ಅಂದ್ರಿ. ಬರ್ಲೇ ಇಲ್ಲ. ಈ ಮೇಷ್ಟ್ರ ಮನೇಲಿ ನನ್ ಸರದಿ ಬರೋದು ಯಾವಾಗ ಅನ್ನಿಸ್ತು. ಕಡಲೆ ಹಾಕ್ದೆ.”

ಅವಳ ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತಳು. ಹೇಳಬೇಕಾದದ್ದು ಎದೆಯಲ್ಲಿ ಎಷ್ಟೋ ಇತ್ತು. ಕಿಟಕಿಯ ಸರಳು ಹಿಡಿದು ಹೇಳಿದೆ:

“ಇದೆ ಗಿರಿಜಾ, ಅವ್ರಿಗೂ ಓಟು ಇದೆ. ಆದ್ರೆ ಅದು ಅರ್ಥ ಆಗ್ಬೇಕಂದ್ರೆ ನಾವು ಮೊದಲು ಕ್ರಾಂತಿ ಕಾಲಕ್ಕೆ ಹೋಗ್ಬೇಕು…”

ಕಂಡಕ್ಟರು ಸೀಟಿ ಊದಿದ.