ಎರಡು ಕಂಪ್ಯೂಟರು, ಒಬ್ಬ ಕಳ್ಳ

"ಇವತ್ತು ಸಂಜೆ ಐದರೊಳಗೆ ಈ ಮನೆಯ ಎರಡು ಕಂಪ್ಯೂಟರುಗಳನ್ನು ಒಂದಕ್ಕೊಂದು ಮಾತಾಡಿಸದಿದ್ದರೆ ನಾನು ಲೇಖನಿ ಕೆಳಗಿಡುತ್ತೇನೆ" ಎಂದು ಭಾನುವಾರ ಬೆಳಗ್ಗೆ ಹಲ್ಲುಜ್ಜುತ್ತಲೇ ಘೋಷಿಸಿದೆ. ಬಾಯಿ ತುಂಬ ನೊರೆಯಿದ್ದ ಕಾರಣ ಹೆಂಡತಿಗೆ ಕೊನೆಯ ಎರಡು ಪದ ಮಾತ್ರ ತಿಳಿದವು.

"ಇಡಿ. ಯಾರು ಬೇಡ ಅಂದ್ರು?" ಎಂದಳು.

ಹದಿನಾಲ್ಕು ವರ್ಷದಿಂದ ವಾರಕ್ಕೊಮ್ಮೆ 'ಕಟ್ಟುನಿಟ್ಟು' ಎಂಬ ಅಂಕಣದಲ್ಲಿ ಲೋಕವನ್ನು ಬೈಯುತ್ತಾ ಬಂದವನು ನಾನು. ಸರದಿ ಮುರಿಯುವವರು, ತೂಕದಲ್ಲಿ ಕಲ್ಲು ಬೆರೆಸುವವರು, ಚರಂಡಿಯ ಮುಚ್ಚಳ ತೆರೆದಿಟ್ಟು ಊಟಕ್ಕೆ ಹೋಗುವವರು, ಯಾರನ್ನೂ ಬಿಟ್ಟಿಲ್ಲ. ಹೋದ ವಾರದ ಸರದಿ ನಮ್ಮ ಕಟ್ಟಡದ್ದೇ ಆಗಿತ್ತು.

ನಮ್ಮ ಪಕ್ಕದ ಮನೆಯಲ್ಲಿ ಪಿಟೀಲು ಮೇಷ್ಟ್ರು ಇದ್ದಾರೆ. ದೂರದೂರದ ಶಿಷ್ಯರಿಗೆ ಕಂಪ್ಯೂಟರಿನಲ್ಲೇ ಪಾಠ. ಆದರೆ ಅವರ ಇಂಟರ್ನೆಟ್ಟು ಎರಡು ವರ್ಷದಿಂದ ಕುಂಟುತ್ತಿದೆ. ಪಿಟೀಲು ಒಂದು ಸ್ವರ ಹತ್ತುವಷ್ಟರಲ್ಲಿ ಪರದೆ ಕಲ್ಲಾಗುತ್ತದೆ. "ಕೇಳಿಸ್ತಾ ಇದೆಯಾ? ಕೇಳಿಸ್ತಾ ಇದೆಯಾ?" ಎಂದು ಅವರು ದಿನಕ್ಕೆ ನಲವತ್ತು ಸಲ ಕೂಗುವುದು ಗೋಡೆಯಾಚೆಯಿಂದ ನಮಗೆ ಕೇಳಿಸುತ್ತದೆ, ಶಿಷ್ಯರಿಗೆ ಕೇಳಿಸುವುದಿಲ್ಲ. ನನ್ನ ರಕ್ತ ಕುದಿಯಿತು. "ಮೇಷ್ಟ್ರೇ, ಯಾರೋ ನಿಮ್ಮ ಲೈನು ಕದೀತಿದಾರೆ" ಎಂದು ಪತ್ತೆ ಹಚ್ಚಿದೆ. ಕಳ್ಳನನ್ನೂ ಹಿಡಿದೆ. ಮೇಲಿನ ಮಹಡಿಗೆ ಆರು ತಿಂಗಳ ಹಿಂದೆ ಬಂದ ಶಾಲಾ ವ್ಯಾನಿನ ಡ್ರೈವರು ದಿನಾ ಮಧ್ಯಾಹ್ನ ಮೇಷ್ಟ್ರ ಬಾಗಿಲ ಪಕ್ಕದಲ್ಲೇ ಫೋನು ಹಿಡಿದು ನಿಂತಿರುತ್ತಾನೆ. ಇನ್ನೇನು ಬೇಕು?

ಬರೆದೆ. 'ದಿನವಿಡೀ ಚಕ್ರ ತಿರುಗಿಸುವ ಕೈಗೆ ನೆರೆಯವರ ತಂತಿಯ ಮೇಲೂ ಆಸೆ' ಎಂದು ತಲೆಬರಹ. ಹೆಸರು ಹಾಕಲಿಲ್ಲ. ಹೆಸರು ಹಾಕದಿರುವುದು ನನ್ನ ಸಭ್ಯತೆ. ನಮ್ಮ ಕಟ್ಟಡದಲ್ಲಿ ಚಕ್ರ ತಿರುಗಿಸುವವನು ಅವನೊಬ್ಬನೇ ಎಂಬುದು ನನ್ನ ತಪ್ಪಲ್ಲ. ಮೂರು ಮನೆಯವರು ಮಕ್ಕಳನ್ನು ಅವನ ವ್ಯಾನಿನಿಂದ ಬಿಡಿಸಿದರು. ಅವನನ್ನು ಕಟ್ಟಡದಲ್ಲಿ ಇಟ್ಟುಕೊಳ್ಳುವುದೋ ಬಿಡುವುದೋ ಎಂದು ತೀರ್ಮಾನಿಸಲು ಆ ಭಾನುವಾರ ಸಂಜೆ ಐದಕ್ಕೆ ನಿವಾಸಿಗಳ ಸಭೆ. ಅಲ್ಲಿ ಹಂಚಲು ಇನ್ನೂ ಖಾರವಾದ ಎರಡನೇ ಲೇಖನ ಸಿದ್ಧವಿತ್ತು. ಹದಿನಾಲ್ಕು ಮನೆಗೆ ಹದಿನಾಲ್ಕು ಪ್ರತಿ ಬೇಕಿತ್ತು, ಅಷ್ಟೇ.

ಲೇಖನವಿರುವುದು ಹಿಂದಿನ ಕೋಣೆಯ ನನ್ನ ಕಂಪ್ಯೂಟರಿನಲ್ಲಿ. ಪ್ರಿಂಟರಿರುವುದು ನಡುಮನೆಯಲ್ಲಿ, ಹೆಂಡತಿಯ ಕಂಪ್ಯೂಟರಿನ ಮಗ್ಗುಲಲ್ಲಿ. ಕಟ್ಟಡಗಳ ನಕ್ಷೆ ಬರೆಯುವುದು ಅವಳ ಕಸುಬು.

"ಪೆನ್‌ಡ್ರೈವಲ್ಲಿ ಹಾಕಿ ಕೊಡಿ. ಎರಡು ನಿಮಿಷದ ಕೆಲಸ" ಎಂದಳು.

"ಎಂಟು ಹೆಜ್ಜೆ ದೂರಕ್ಕೆ ಪೆನ್‌ಡ್ರೈವ್ ಹೊತ್ಕೊಂಡು ಓಡಾಡೋದಕ್ಕೆ ನಾವೇನು ಅಂಚೆಯವರಾ? ಎರಡನ್ನೂ ಸೇರಿಸಿಬಿಡ್ತೀನಿ."

"ಹಾಗಾದ್ರೆ ತಿಳಿದವರನ್ನ ಕರೀರಿ."

"ತಿಳಿದವರು ಅಂದ್ರೆ?"

"ನಿಮ್ಮನ್ನ ಬಿಟ್ಟು ಯಾರಾದ್ರೂ ಸರಿ."

ನಾನು ಅಂಗಿಯ ತೋಳು ಮಡಚಿದೆ. ಎರಡೂ ಯಂತ್ರಗಳಲ್ಲಿ 'ಹಂಚಿಕೊಳ್ಳು' ಎಂಬಲ್ಲೆಲ್ಲ ಗುರುತು ಹಾಕಿದೆ. ಅವಳ ಕಂಪ್ಯೂಟರು ನನ್ನದಕ್ಕೆ ಕಾಣಿಸಲಿಲ್ಲ. ನನ್ನದು ಅವಳದಕ್ಕೆ ಕಾಣಿಸಲಿಲ್ಲ. ಒಂದು ಯಂತ್ರ ಇನ್ನೊಂದನ್ನು 'ಇದೀಯಾ?' ಎಂದು ಕೂಗಿ ಕರೆಯುವ ಆಜ್ಞೆಯೊಂದಿದೆ, ಪಿಂಗ್ ಎನ್ನುತ್ತಾರೆ. ನಾಲ್ಕು ಸಲ ಕೂಗಿದೆ. ನಾಲ್ಕು ಸಲವೂ ಉತ್ತರವಿಲ್ಲ. ಮದುವೆಯಾದ ಗಂಡಸಿಗೆ ಇದು ಹೊಸ ಅನುಭವವೇನಲ್ಲ, ಮುಂದುವರಿದೆ.

ಕಾವಲಿಗಿದ್ದ ಫೈರ್‌ವಾಲನ್ನು ಎರಡೂ ಕಡೆ ಕಿತ್ತೊಗೆದೆ. ಈಗ ನಮ್ಮ ಮನೆಗೆ ಭೂಮಂಡಲದ ಯಾವ ವೈರಸ್ಸು ಬೇಕಾದರೂ ಚಪ್ಪಲಿ ಹಾಕಿಕೊಂಡೇ ಬರಬಹುದಿತ್ತು, ನನ್ನ ಯಂತ್ರದೊಳಗೆ ಬರಲಾಗದ್ದು ಹೆಂಡತಿಯ ಕಂಪ್ಯೂಟರೊಂದೇ. ತಂತಿಯಲ್ಲೇ ದೋಷವಿರಬೇಕೆಂದು ಅವಳ ಮೇಜಿನಡಿ ನುಸುಳಿ, ತಲೆ ಚಚ್ಚಿಕೊಂಡು, ಅನುಮಾನ ಬಂದ ತಂತಿಯನ್ನು ಎಳೆದೆ. ಮೇಲೆ ಸದ್ದಡಗಿತು.

"ರೀ" ಎಂದಳು. ಅಷ್ಟೇ.

ಒಂದು ನರ್ಸಿಂಗ್ ಹೋಮಿನ ಮೆಟ್ಟಿಲನ್ನು ಅವಳು ಬೆಳಗ್ಗೆಯಿಂದ ಬರೆಯುತ್ತಿದ್ದಳಂತೆ. ಉಳಿಸಿಟ್ಟಿರಲಿಲ್ಲವಂತೆ.

"ಈಗ ರೋಗಿಗಳು ಎರಡನೇ ಮಹಡಿಗೆ ಹೇಗೆ ಹೋಗ್ಬೇಕು?"

"ಲಿಫ್ಟ್ ಹಾಕು" ಎಂದೆ. ನಾನು ಮೇಜಿನಡಿಯೇ ಇದ್ದುದರಿಂದ ಅವಳ ಮುಖ ಕಾಣಲಿಲ್ಲ. ಕಾಲು ಕಂಡಿತು. ಸಾಕೆನಿಸಿತು.

ಮಧ್ಯಾಹ್ನ ಮೂರೂವರೆಗೆ ಬ್ರಹ್ಮಾಸ್ತ್ರ ತೆಗೆದೆ. ಇಂಟರ್ನೆಟ್ಟು ಬರುವ ರೂಟರ್ ಪೆಟ್ಟಿಗೆಯನ್ನೇ ಆರಿಸಿ, ಹತ್ತು ಎಣಿಸಿ, ಮತ್ತೆ ಹಚ್ಚುವುದು. ಆರಿಸಿದೆ. ಅವಳ ಕಂಪ್ಯೂಟರಿನ ಇಂಟರ್ನೆಟ್ಟು ಪ್ರಾಣ ಬಿಟ್ಟಿತು. ಒಳಗೆ ಹೋಗಿ ನೋಡಿದರೆ, ಏನು ಹೇಳಲಿ, ನನ್ನದು ಜಿಂಕೆಯ ಹಾಗೆ ಓಡುತ್ತಿದೆ! ಹಳೆಯ ಭಾಷಣಗಳ ದೊಡ್ಡದೊಂದು ಕಡತ ನಿರಾತಂಕವಾಗಿ ಇಳಿದುಬರುತ್ತಿದೆ.

"ಬಂದು ನೋಡು. ಪೆಟ್ಟಿಗೆ ಆರಿದ್ರೂ ನನ್ನದು ನಡೀತಿದೆ. ಇದಕ್ಕೆ ಸೆಟ್ಟಿಂಗ್ ಅಂತಾರೆ."

ಅವಳು ಬಾಗಿಲಲ್ಲಿ ನಿಂತು ಕನ್ನಡಕ ತೆಗೆದಳು. "ಪೆಟ್ಟಿಗೆ ಆರಿದ ಮೇಲೆ ನಿಮಗೆ ಇಂಟರ್ನೆಟ್ ಎಲ್ಲಿಂದ ಬರ್ತಿದೆ?"

"ಗಾಳಿಯಿಂದ. ವೈಫೈ ಅಲ್ವಾ?"

"ಯಾರ ಮನೆ ಗಾಳಿ?"

ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕುಳಿತಳು. ಪೆಟ್ಟಿಗೆಯನ್ನು ಮತ್ತೆ ಹಚ್ಚಿಸಿ, ಎರಡು ಯಂತ್ರಗಳ ವಿಳಾಸವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡಳು. ನಕ್ಷೆಯವಳಲ್ಲವೇ, ತಕ್ಷಣ ಹೊಳೆಯಿತು. "ಇವೆರಡೂ ಒಂದೇ ಬೀದೀಲಿ ಇಲ್ಲ. ನಂದು ನಮ್ಮ ಬೀದೀದು. ನಿಮ್ಮದು ಬೇರೆ ಬೀದೀಲಿ ನಿಂತು ಕೂಗ್ತಿದೆ. ಜನ್ಮದಲ್ಲಿ ಕೇಳಿಸೋಲ್ಲ." ಆಮೇಲೆ ಮೂಲೆಯ ಪುಟ್ಟ ಚಿತ್ರವನ್ನು ಒತ್ತಿದಳು. ನನ್ನ ಕಂಪ್ಯೂಟರು ಯಾವ ವೈಫೈಗೆ ಸೇರಿದೆಯೋ ಅದರ ಹೆಸರು ಬಂತು: 'ಪಿಟೀಲು'.

ಅಕ್ಷರ ಅಕ್ಷರ ಬಿಡಿಸಿ ಇನ್ನೊಮ್ಮೆ ಓದಿದೆ.

ಎರಡು ವರ್ಷದ ಹಿಂದೆ ನಮ್ಮ ಲೈನು ಮೂರು ದಿನ ಕೆಟ್ಟಿತ್ತು. ಅಂಕಣ ಕಳಿಸಲಾಗದೆ ಒದ್ದಾಡುತ್ತಿದ್ದ ನನ್ನನ್ನು ನೋಡಲಾರದೆ ಮೇಷ್ಟ್ರೇ ಬಂದು ತಮ್ಮ ಪಾಸ್‌ವರ್ಡನ್ನು ಈ ಯಂತ್ರದಲ್ಲಿ ಒತ್ತಿಕೊಟ್ಟಿದ್ದರು. ಲೈನು ಸರಿಹೋದ ಮೇಲೆ ಹೆಂಡತಿಯ ಕಂಪ್ಯೂಟರನ್ನು ನಮ್ಮ ತಂತಿಗೆ ಸೇರಿಸಿದೆವು. ನನ್ನದರಲ್ಲಿ ಹೇಗೂ ಬರುತ್ತಲೇ ಇತ್ತು, ಯಾರೂ ಮುಟ್ಟಲಿಲ್ಲ. ಅಂದಿನಿಂದ ಜಗತ್ತಿನ ಕಳ್ಳರ ಮೇಲೆ ನಾನು ಹರಿಹಾಯ್ದದ್ದೆಲ್ಲ ಮೇಷ್ಟ್ರ ಇಂಟರ್ನೆಟ್ಟಿನಲ್ಲಿ.

ಗೋಡೆಯಾಚೆ ಆಗಲೇ ಶುರುವಾಯಿತು. "ಕೇಳಿಸ್ತಾ ಇದೆಯಾ?"

"ಆ ಭಾಷಣ ನಿಲ್ಲಿಸಿ. ಪಾಪ, ಅವರಿಗೆ ಪಾಠ ಇದೆ" ಎಂದಳು ಹೆಂಡತಿ.

ನಿಲ್ಲಿಸಿದೆ. ಪಿಟೀಲು ಒಮ್ಮೆ ತಡವರಿಸಿತು. ಆಮೇಲೆ ಎಲ್ಲೂ ತುಂಡಾಗದೆ ಮೇಲೆ ಹತ್ತಿ, ಸುತ್ತಿ, ಇಳಿದು, ಪೂರ್ತಿಯಾಗಿ ಮುಗಿಯಿತು. ಎರಡು ವರ್ಷದಲ್ಲಿ ನಾನು ಕೇಳಿದ ಮೊದಲನೆಯ ಮುಗಿದ ಪಾಠ ಅದು.

"ಐದಕ್ಕೆ ಸಭೆ ಇದೆ" ಎಂದಳು.

"ಗೊತ್ತು."

"ಆ ಮನುಷ್ಯನ್ನ ಮನೆ ಬಿಡಿಸ್ತಾರೆ."

"ಗೊತ್ತು ಅಂದೆನಲ್ಲ."

ಸುಮ್ಮನೆ ಲೇಖನ ಹಿಂತೆಗೆದುಕೊಂಡು ಔದಾರ್ಯ ತೋರಿಸಿದರೆ ಹೇಗೆ ಎಂಬ ಯೋಚನೆ ನನಗೆ ಬರಲಿಲ್ಲ ಎಂದರೆ ಸುಳ್ಳು. ಬಂತು. ಐದು ನಿಮಿಷ ಕೂತೂ ಇತ್ತು. ಬೇರೆಯವರು ಹಾಗೆ ಮಾಡಿದ್ದರೆ ನಾನು ಎಂಥ ತಲೆಬರಹ ಕೊಡುತ್ತಿದ್ದೆ ಎಂದು ನೆನೆದು ಅದನ್ನು ಎಬ್ಬಿಸಿ ಕಳಿಸಿದೆ. ಯಂತ್ರವನ್ನು ನಮ್ಮ ಪೆಟ್ಟಿಗೆಗೆ ಸೇರಿಸಿದೆ. ಎರಡು ಕಂಪ್ಯೂಟರುಗಳು ಅರೆಗಳಿಗೆಯಲ್ಲಿ ಒಂದನ್ನೊಂದು ಗುರುತಿಸಿದವು. ಹಿಂದಿನ ಕೋಣೆಯಿಂದ ಗುಂಡಿ ಒತ್ತಿದರೆ ನಡುಮನೆಯಲ್ಲಿ ಪ್ರಿಂಟರು ಗುರುಗುಟ್ಟಿತು. ಹದಿನಾಲ್ಕು ಪ್ರತಿ. 'ಕದ್ದವನು ನಾನು' ಎಂಬ ಒಂದೇ ಪುಟ.

ಸಭೆ ಕೆಳಗೆ, ವಾಹನ ನಿಲ್ಲಿಸುವ ಜಾಗದಲ್ಲಿ. ಎಲ್ಲರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಡ್ರೈವರು ಮಾತ್ರ ಮೆಟ್ಟಿಲ ಮೇಲೆ. ನಾನು ಎದ್ದು ನಿಂತು, ಪ್ರತಿಗಳನ್ನು ಹಂಚಿ, ಒಂದಕ್ಷರ ಬಿಡದೆ ಒಪ್ಪಿಕೊಂಡೆ.

ಅಧ್ಯಕ್ಷರು ದಂತವೈದ್ಯರು. ಹುಳುಕು ಹಲ್ಲನ್ನು ನೋಡುವಂತೆ ನನ್ನನ್ನು ನೋಡಿದರು. "ಹಾಗೆಲ್ಲ ತಮ್ಮ ಮೇಲೆ ಹೇಳ್ಕೋಬಾರದು ಸಾರ್. ಪುರಾವೆ ಏನಿದೆ?"

ಹೋದ ವಾರ ಡ್ರೈವರ ಬಗ್ಗೆ ಬರೆದಾಗ ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. "ಕಂಪ್ಯೂಟರೇ ಪುರಾವೆ. ಮೇಷ್ಟ್ರನ್ನ ಕೇಳಿ" ಎಂದೆ.

ಮೇಷ್ಟ್ರು ಗಾಬರಿಯಾಗಿ, "ಅಯ್ಯೋ, ಪಾಸ್‌ವರ್ಡ್ ನಾನೇ ಹಾಕ್ಕೊಟ್ಟಿದ್ದು. ಅದನ್ನ ಕಳ್ಳತನ ಅಂತಾರಾ?" ಎಂದರು.

"ಕೇಳಿದ್ರಾ?" ದಂತವೈದ್ಯರ ದನಿ ತೇವವಾಯಿತು. "ಒಬ್ಬನ ಮಾನ ಉಳಿಸೋದಕ್ಕೆ ಇಬ್ಬರು ಹಿರಿಯರು ತಪ್ಪು ತಮ್ಮ ಮೇಲೆ ಎಳ್ಕೊಳ್ತಿದಾರೆ. ಈ ಕಾಲದಲ್ಲಿ ಯಾರು ಮಾಡ್ತಾರೆ?"

ಚಪ್ಪಾಳೆ ಬಿತ್ತು. "ಅಲ್ಲ ಕಣ್ರೀ, ನಿಜವಾಗಿ ನಾನೇ" ಎಂದು ಕಿರುಚಿದೆ. ಕಿರುಚಿದ್ದಕ್ಕೆ ಇನ್ನೊಂದು ಸುತ್ತು ಚಪ್ಪಾಳೆ. 'ಅಂಕಣಕಾರರ ದೊಡ್ಡ ಮನಸ್ಸಿಗೆ ಗೌರವ ಕೊಟ್ಟು ವ್ಯಾನ್ ಡ್ರೈವರನ್ನು ಈ ಒಂದು ಸಲಕ್ಕೆ ಕ್ಷಮಿಸಲಾಗಿದೆ' ಎಂದು ಠರಾವಾಯಿತು. ಮೂರು ಮನೆಯವರೂ ಕ್ಷಮಿಸಿದರು. ಮಕ್ಕಳನ್ನು ಮಾತ್ರ ಕಳಿಸುವುದಿಲ್ಲವಂತೆ.

ಎಲ್ಲರೂ ಹೋದ ಮೇಲೆ ಡ್ರೈವರು ಮೆಟ್ಟಿಲಿಂದ ಎದ್ದ. ಜೇಬಿನಿಂದ ಗುಂಡಿ ಒತ್ತುವ ಹಳೇ ಫೋನು ತೆಗೆದು ನನ್ನ ಕೈಗಿಟ್ಟ.

"ಇದರಲ್ಲಿ ಮಾತು, ಅಲಾರಂ, ಟಾರ್ಚು, ಮೂರೇ ಸಾರ್ ಬರೋದು. ಮೇಷ್ಟ್ರ ಬಾಗಿಲ ಹತ್ರ ನಿಂತ್ರೆ ಟವರ್ ಸಿಗುತ್ತೆ."

"ಮೊದಲೇ ಹೇಳಬಾರದಿತ್ತಾ?"

"ನೀವು ಕೇಳಲಿಲ್ವಲ್ಲ."

"ನಾಳೆಯೇ ಪತ್ರಿಕೆಯಲ್ಲಿ ಬರೀತೀನಪ್ಪ. ನೀನು ನಿರಪರಾಧಿ ಅಂತ ದೊಡ್ಡಕ್ಷರದಲ್ಲಿ."

ಅವನು ಕೈ ಮುಗಿದ. "ಬೇಡ ಸಾರ್. ನೀವು ಬೈದು ಬರೆದಾಗ ಅರ್ಧ ಜನ ನಂಬಿದ್ರು. ಇವತ್ತು ನನ್ನನ್ನ ಕಾಪಾಡಿದ್ರಿ, ನಾನೇ ಕಳ್ಳ ಅಂತ ಎಲ್ಲರೂ ನಂಬಿದಾರೆ. ಬರೀಲೇಬೇಕು ಅಂದ್ರೆ ನಿಮ್ಮ ಬಗ್ಗೆ ಬರ್ಕೊಳ್ಳಿ."

"ಮತ್ತೆ ನಿನಗೆ ನಾನೇನು ಮಾಡಲಿ?"

ಅವನು ಮೂಲೆಯಲ್ಲಿ ನಿಂತಿದ್ದ ವ್ಯಾನಿನ ಕಡೆ ಕೈ ತೋರಿಸಿದ. "ನಿಮ್ಮನೇಲಿ ಶಾಲೆಗೆ ಹೋಗೋ ಮಕ್ಕಳಿಲ್ಲ. ನೀವೇ ಬನ್ನಿ. ಏಳೂಕಾಲಿಗೆ ಹೊರಡ್ತೀನಿ. ನೀವು ದಿನಾ ಕೂತಿರೋದನ್ನ ನೋಡಿದ್ರೆ ಆ ಮೂರು ಮನೆಯವರೂ ಮಕ್ಕಳನ್ನ ಕಳಿಸ್ತಾರೆ."

ಹೀಗೆ ಸೋಮವಾರದಿಂದ ನಾನು ಶಾಲಾ ವ್ಯಾನಿನಲ್ಲಿದ್ದೇನೆ. ಏಳು ವರ್ಷದವರಿಗೆಂದು ಮಾಡಿದ ಸೀಟು, ಮೊಣಕಾಲು ಗದ್ದಕ್ಕೆ ತಾಗುತ್ತದೆ, ಮಡಿಲಲ್ಲಿ ಯಾರದೋ ಎರಡು ಚೀಲ. ಬುಧವಾರ ಮೊದಲ ಮನೆಯವರು ಮಗನನ್ನು ಕಳಿಸಿದರು. ಶುಕ್ರವಾರ ಎರಡನೆಯವರು. ಕೊನೆಗೆ ಎಂಟನೆಯ ದಿನ ದಂತವೈದ್ಯರ ಮಗಳು ಹತ್ತಿದಳು. ನನ್ನ ಪಕ್ಕದಲ್ಲಿ ಕೂತು, ನನ್ನ ನರೆತ ಮೀಸೆಯನ್ನೂ ಮಡಿಲ ಚೀಲಗಳನ್ನೂ ಬಹಳ ಹೊತ್ತು ನೋಡಿ ಕೇಳಿದಳು:

"ತಾತ, ನೀವು ಯಾವ ಕ್ಲಾಸು?"

ನಾನು ಬಾಯಿ ತೆರೆಯುವ ಮುಂಚೆಯೇ ಡ್ರೈವರು ಕನ್ನಡಿಯಲ್ಲಿ ನಮ್ಮನ್ನು ನೋಡುತ್ತಾ ಹೇಳಿದ:

"ಈಗಿನ್ನೂ ಸೇರಿದಾರೆ ಪುಟ್ಟಿ. ಸ್ವಲ್ಪ ಸರಿದು ಜಾಗ ಕೊಡು."