ಬೊಂಬಾಯಿಗೆ ಒಂದೂವರೆ ಗಂಟೆ

ಒಂದೇ ಬೀದಿಯಲ್ಲಿ ಎರಡು ಕೊಬ್ಬರಿ ಮಂಡಿ ಇದ್ದರೆ ತಮಾಷೆಗೆ ಬೇರೆ ನಾಟಕದ ಕಂಪನಿ ಬೇಕಾಗಿಲ್ಲ. ಅರಸೀಕೆರೆಯಲ್ಲಿ ನಮ್ಮದೊಂದು, ಎದುರಿನವರದೊಂದು. ಎಪ್ಪತ್ತರ ದಶಕದ ಕೊನೆಯವರೆಗೂ ಬೀದಿಗೆಲ್ಲ ಬೊಂಬಾಯಿ ಕಂಡವನು ನಾನೊಬ್ಬನೇ. ಮೀರಜಿನಲ್ಲಿ ಗಾಡಿ ಬದಲಾಯಿಸಿ, ಎರಡು ಸಲ ಹೋಗಿಬಂದವನು. ಅಲ್ಲಿನ ವಿಷಯ ಬೇಕಾದವರು ನನ್ನ ಜಗಲಿಗೇ ಬರಬೇಕಿತ್ತು. ಎದುರಿನವರು ಬೆಂಗಳೂರಿನಿಂದ ವಿಮಾನ ಹತ್ತಿದ ದಿನ ಆ ಪಟ್ಟಕ್ಕೆ ಸಂಚಕಾರ ಬಂತು.

೧. ಬೆನ್ನು ಹಾಕಿ ಹೋದವರು

"ಒಂದೂವರೆ ಗಂಟೆ ಕಣ್ರೀ! ಬೆಂಗಳೂರಲ್ಲಿ ಕೂತೆ, ಬೊಂಬಾಯಲ್ಲಿ ಎದ್ದೆ," ಅಂತ ಎದುರಿನವರು ಬಂದವರಿಗೆಲ್ಲ ಹೇಳತೊಡಗಿದರು. ನನ್ನ ಜಗಲಿ ಖಾಲಿಯಾಯಿತು. ತಡೆಯಲಾರದೆ ನಾನೂ ರಸ್ತೆ ದಾಟಿದೆ.

"ಅಲ್ರೀ, ಬೊಂಬಾಯಿ ಇರೋದು ಹುಬ್ಬಳ್ಳಿ ಕಡೆ. ನೀವು ಅದಕ್ಕೆ ಬೆನ್ನು ಹಾಕಿ ಬೆಂಗಳೂರಿಗೆ ಹೋದ್ರಿ. ರೈಲು, ಟ್ಯಾಕ್ಸಿ, ನಿಲ್ದಾಣದಲ್ಲಿ ಕಾದದ್ದು, ಎಲ್ಲಾ ಸೇರಿಸಿ ಹೇಳಿ ನೋಡೋಣ."

ಅವರು ಬಾಯಿ ತೆಗೆಯುವ ಮೊದಲೇ, ಪಕ್ಕದ ಗಂಡಸಿ ಊರಿಂದ ಕೊಬ್ಬರಿ ತಂದಿದ್ದ ರೈತ ನನ್ನ ಹಿಂದೆಯೇ ಬಂದು ತಡೆದ.

"ಸುಮ್ನಿರಿ ಸ್ವಾಮಿ. ಅವರು ಬೊಂಬಾಯಿಗೇ ಹೋಗ್ಬಂದವ್ರೆ. ನನ್ನ ಎರಡು ಮೂಟೆ ಬೆಳಿಗ್ಗೆಯಿಂದ ನಿಮ್ಮ ತಕ್ಕಡಿಗೆ ಹೋಗಿಲ್ಲ!"

೨. ಹಳೇಬೀಡಿನ ಪಂಕ್ಚರ್

ಬೇಲೂರಿನ ಒಂದು ಮದುವೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟೆವು. ಹಳೇಬೀಡು ದಾಟುತ್ತಲೇ ಚಕ್ರ ಪಂಕ್ಚರ್. ಬಿಸಿಲಲ್ಲಿ ನಿಂತು ಎದುರಿನವರು ಗಡಿಯಾರ ನೋಡಿಕೊಂಡರು.

"ಇಷ್ಟು ಹೊತ್ತಿಗೆ ವಿಮಾನದಲ್ಲಾದ್ರೆ ಬೊಂಬಾಯಿಗೆ ಹೋಗಿ ಬರಬಹುದಿತ್ತು."

ಜಾಕ್ ತಿರುಗಿಸುತ್ತಿದ್ದ ಕಂಡಕ್ಟರ್ ತಲೆ ಎತ್ತಲಿಲ್ಲ. "ಹೋಗ್ಬನ್ನಿ ಸ್ವಾಮಿ, ಅಷ್ಟರಲ್ಲಿ ಚಕ್ರ ಹಾಕಿರ್ತೀನಿ."

ಆ ಕಂಡಕ್ಟರಿಗೆ ಅವತ್ತು ಎಳನೀರು ಕೊಡಿಸಿದವನು ನಾನೇ.

೩. ಪರಸ್ಥಾನ

ಆದರೂ ಹೊಟ್ಟೆಯ ಉರಿ ಆರಲಿಲ್ಲ. ನಾನೂ ವಿಮಾನದ ಟಿಕೆಟ್ ತರಿಸಿದೆ. ಆ ದಿನ ಪ್ರಯಾಣಕ್ಕೆ ಒಳ್ಳೆಯದಲ್ಲ ಅಂದರು ಜೋಯಿಸರು. "ಹಿಂದಿನ ದಿನ ಒಳ್ಳೇ ಘಳಿಗೇಲಿ ಚೀಲ ಬೇರೆಯವರ ಮನೇಲಿಟ್ಟು ಬನ್ನಿ. ಪರಸ್ಥಾನ ಆಯ್ತು ಅಂತ." ಚೀಲ ಹೊರಟರೆ ಯಜಮಾನ ಹೊರಟ ಹಾಗೆ, ನಮ್ಮ ಕಡೆಯ ಪದ್ಧತಿ.

ಮನೆಗಳು ಬೇಕಾದಷ್ಟಿದ್ದವು. ನಾನು ಟಿಕೆಟ್ಟನ್ನು ಕಾಣುವ ಹಾಗೆ ಚೀಲಕ್ಕೆ ಸಿಕ್ಕಿಸಿ, ಬೀದಿಯೆಲ್ಲ ನೋಡುತ್ತಿರುವಾಗ, ಎದುರಿನವರ ಮನೆಯಲ್ಲೇ ಇಟ್ಟು ಬಂದೆ. ಅವರ ಮುಖ ಸಪ್ಪಗಾಯಿತು. ನನಗೆ ಹೋಳಿಗೆ ಉಂಡಷ್ಟು ತೃಪ್ತಿ.

ಮರುದಿನ ಬೆಳಿಗ್ಗೆ ಚೀಲ ತರಲು ಹೋದರೆ ಬಾಗಿಲಿಗೆ ಬೀಗ. ಅವರ ಮನೆಯವರು ತವರಿಗೆ ಹೋಗಿದ್ದರು. ಇವರೆಲ್ಲೋ ಇಲ್ಲೇ ಹೋಗಿರಬೇಕೆಂದು ಮೆಟ್ಟಿಲ ಮೇಲೆ ಕೂತೆ. ನಾನು ಹಿಡಿಯಬೇಕಾದ ರೈಲು ಕೂಗಿತು, ಹೋಯಿತು. ಆಗ ಕಾಫಿ ಹೋಟೆಲಿನವರು ಓಡಿಬಂದರು.

"ಅಯ್ಯೋ, ಅವರು ಮುಂಜಾನೆ ಗಾಡೀಲೇ ಬೆಂಗಳೂರಿಗೆ ಹೋದ್ರಲ್ಲ! ಪರಸ್ಥಾನ ಮುಂದಕ್ಕೆ ಹೋದಷ್ಟೂ ಒಳ್ಳೇದು, ಚೀಲ ವಿಮಾನ ನಿಲ್ದಾಣದಲ್ಲೇ ಕೊಡ್ತೀನಿ, ಅಲ್ಲಿಗೇ ಬರೋಕೆ ಹೇಳಿ ಅಂದಿದ್ರು. ವ್ಯಾಪಾರದ ಗಡಿಬಿಡೀಲಿ ಮರ್ತೇಬಿಟ್ಟೆ ಯಜಮಾನ್ರೇ."

ಇನ್ನು ಯಾವ ಬಸ್ಸು ಹಿಡಿದರೂ ವಿಮಾನ ಸಿಗುತ್ತಿರಲಿಲ್ಲ. ಮಾರನೆಯ ದಿನ ಬೊಂಬಾಯಿಯಿಂದ ತಂತಿ ಬಂತು. ಅಂಚೆಯವರು ಬೀದಿಯಲ್ಲೇ ನಿಂತು, ಕನ್ನಡ ಮಾಡಿ, ಗಟ್ಟಿಯಾಗಿ ಓದಿದರು:

"ಕೊನೆಯವರೆಗೂ ಕಾದೆ. ನೀವು ಬರಲಿಲ್ಲ. ಟಿಕೆಟ್ ದಂಡವಾಗಬಾರದೆಂದು ನಾನೇ ಹತ್ತಿದೆ. ನಿಮ್ಮ ಚೀಲ ಕ್ಷೇಮವಾಗಿ ತಲುಪಿದೆ. ಅಂಗಿ ಮಾತ್ರ ನನಗೆ ಕೊಂಚ ಬಿಗಿ."