ಕದಿರೇಶನ ಪ್ರಾಯೋಗಿಕ ವಲಸೆ

ಸಾವಿರದ ಒಂಬೈನೂರ ಎಂಬತ್ತೊಂದನೇ ಇಸವಿಯ ಜನವರಿಯಿಂದ ಜಾರಿಗೆ ಬಂದಂತೆ, ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಯಾವ ನಿವಾಸಿಯೂ ಕೈಯಲ್ಲಿ ಕೆಲಸದ ಆದೇಶವಿಲ್ಲದೆ ಪರದೇಶಕ್ಕೆ ಹೋಗತಕ್ಕದ್ದಲ್ಲ. ಹೋಗಲೇಬೇಕೆಂಬ ಹಟವಿದ್ದಲ್ಲಿ, ಮೊದಲು ಪಕ್ಕದ ತಾಲ್ಲೂಕಿಗೆ ಹೋಗಿ, ಇಪ್ಪತ್ತೊಂದು ದಿನ ಕೆಲಸವಿಲ್ಲದೆ, ನೆಂಟರಿಲ್ಲದೆ, ಪರಿಚಯದವರಿಲ್ಲದೆ ಬದುಕಿ ತೋರಿಸತಕ್ಕದ್ದು. ಇದನ್ನು ನೋಡಿಕೊಳ್ಳಲು ಕೋಲಾರದಲ್ಲಿ 'ಉದ್ಯೋಗರಹಿತ ವಿದೇಶಗಮನ ಪೂರ್ವಪರೀಕ್ಷಾ ಘಟಕ'ವನ್ನು ತೆರೆಯಲಾಯಿತು. ಘಟಕಕ್ಕೆ ಎರಡು ಮೇಜು, ಒಂದು ಬೀರು, ಒಬ್ಬ ಮೇಲಧಿಕಾರಿ ಮತ್ತು ಒಬ್ಬ ವೀಕ್ಷಕ ಮಂಜೂರಾದರು.

ನಿಯಮವೇನೂ ಸುಮ್ಮಸುಮ್ಮನೆ ಹುಟ್ಟಲಿಲ್ಲ. ಹಿಂದಿನ ವರ್ಷ ಮಾಲೂರು ಕಡೆಯ ಆಸಾಮಿಯೊಬ್ಬ ಬಸ್ ಸ್ಟ್ಯಾಂಡಿನಲ್ಲಿ ಹದಿನೆಂಟು ಹಾರ ಹಾಕಿಸಿಕೊಂಡು, ಫೋಟೋ ಹೊಡೆಸಿಕೊಂಡು ಮಸ್ಕತ್ತಿಗೆ ಹೋದವನು ಹದಿನಾರನೇ ದಿನಕ್ಕೆ ವಾಪಸ್ ಬಂದುಬಿಟ್ಟಿದ್ದ. ಆಗಿನ್ನೂ ಸ್ಟುಡಿಯೋದವನು ಫೋಟೋ ತೊಳೆದೂ ಇರಲಿಲ್ಲ. ಹಾರ ಹಾಕಿದವರೆಲ್ಲ ಊರಿನ ಗಣ್ಯರು. ಅವರಿಗಾದ ಮುಖಭಂಗ ಜಿಲ್ಲೆಗೇ ಆದ ಮುಖಭಂಗವೆಂದು ಸಭೆ ಸೇರಿ ತೀರ್ಮಾನಿಸಲಾಯಿತು.

ಈ ಘಟಕಕ್ಕೆ ಬಂದ ಮೊದಲನೇ ಅರ್ಜಿ, ಕೊನೆಯದೂ ಅದೇ, ದೇವರಾಯಸಮುದ್ರದ ಕದಿರೇಶನದು.

ಕದಿರೇಶನಿಗೆ ಇಪ್ಪತ್ತೇಳು ವರ್ಷ. ಮುಳಬಾಗಿಲಿನಲ್ಲಿ ಗೌಸ್ ಮೊಹಿದ್ದೀನ್ ಸಾಹೇಬರ ಅಂಗಡಿಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ. ಒಳ್ಳೆಯ ಕೈ. ಅವನು ಸುತ್ತಿದ ಮೋಟಾರು ಎರಡು ಬೇಸಿಗೆ ಗ್ಯಾರಂಟಿ ಓಡುತ್ತಿತ್ತು. ಆದರೆ ಇಷ್ಟು ವರ್ಷಕ್ಕೂ ಅವನನ್ನು ಯಾರೂ ಮೇಸ್ತ್ರಿ ಎಂದು ಕರೆದಿರಲಿಲ್ಲ. ರೈತರು ಬಂದರೆ "ಸಾಬ್ರ ಅಂಗಡಿ ಹುಡುಗ" ಎನ್ನುತ್ತಿದ್ದರು, ಊರಿನಲ್ಲಿ "ಆದಿಲಕ್ಷ್ಮಮ್ಮನ ಮಗ" ಎನ್ನುತ್ತಿದ್ದರು. ಯಾರ ಮಗ, ಯಾರ ಅಂಗಡಿ ಎಂದು ಗೊತ್ತಿಲ್ಲದ ಕಡೆ ತನ್ನ ಕೈಗೆ ಬೆಲೆ ಇದೆಯೋ ಇಲ್ಲವೋ ಒಂದು ಸಲ ನೋಡಿಬಿಡಬೇಕೆಂಬುದು ಅವನ ಆಸೆ. ಅದನ್ನು ಯಾರಿಗೂ ಹೇಳಿರಲಿಲ್ಲ, ಹೇಳಲು ನಾಚಿಕೆ.

ಅಷ್ಟರಲ್ಲಿ ಅದೇ ಅಂಗಡಿಯಲ್ಲಿ ಹಿಂದೆ ಜೊತೆಗಿದ್ದ ಮುಖ್ತಿಯಾರ್ ಬಹರೈನಿನಿಂದ ಕಾಗದ ಬರೆದ. 'ಬರೋದಾದ್ರೆ ಬಾ. ಕೆಲಸ ಗೊತ್ತು ಮಾಡಿಲ್ಲ, ನೀನೇ ಬಂದು ಹುಡುಕ್ಕೋಬೇಕು. ನನ್ನ ರೂಮಲ್ಲಿ ಅರ್ಧ ಚಾಪೆ ಖಾಲಿ ಇದೆ. ಯುಗಾದಿವರೆಗೂ ಯಾರಿಗೂ ಕೊಡೋದಿಲ್ಲ. ಆಮೇಲೆ ನನ್ನ ಕೈಲಿಲ್ಲ.'

ಕದಿರೇಶ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಎಲ್ಲರನ್ನೂ ಕೇಳಿದ. ಗೌಸ್ ಸಾಹೇಬರು ತುಂಬು ಮನಸ್ಸಿನಿಂದಲೇ ಹೇಳಿದರು: "ಹೋಗು ಬೇಟಾ, ಒಳ್ಳೇದಾಗ್ಲಿ. ಈ ಮೂರು ಮೋಟಾರ್ ಒಂದು ಮುಗ್ಸಿಬಿಟ್ಟು ಹೋಗು." ಅಂಗಡಿಯಲ್ಲಿ ಯಾವತ್ತೂ ಮೂರು ಮೋಟಾರ್ ಬಾಕಿ ಇದ್ದೇ ಇರುತ್ತಿದ್ದವು. ಅಮ್ಮನನ್ನು ಕೇಳಿದ.

"ಹೋಗ್ಲೇನಮ್ಮಾ? ಬೇಡ್ವಾ?"

"ನಿನ್ನಿಷ್ಟ ಕಣಪ್ಪಾ," ಎಂದಳು ಆದಿಲಕ್ಷ್ಮಮ್ಮ. ಆಮೇಲೆ ಮೂರು ದಿನ ಮಾತಾಡಲಿಲ್ಲ.

ಹೀಗಿರುವಾಗ ಘಟಕದ ಪ್ರಕಟಣೆ ಕಣ್ಣಿಗೆ ಬಿತ್ತು. ಸದ್ಯ, ಸರ್ಕಾರವೇ ಪರೀಕ್ಷೆ ಮಾಡಿ ಹೇಳಿಬಿಡುತ್ತದಲ್ಲ ಎಂದು ಅವನಿಗೆ ಎದೆ ಹಗುರವಾಯಿತು. ಮಾರನೆಯ ದಿನವೇ ಕೋಲಾರದ ಬಸ್ಸು ಹತ್ತಿದ.

ಮೇಲಧಿಕಾರಿ ವೆಂಕಟರಾಯಪ್ಪನವರು ಅರ್ಜಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದರು.

"ಅಲ್ಲಿ ಕೆಲಸ ಇಲ್ಲ ಅಂತ ಬರ್ದಿದೀರ. ಪುರಾವೆ?"

"ಇಲ್ಲದ್ದಕ್ಕೆ ಏನ್ ಪುರಾವೆ ಸಾರ್?"

"ಇರೋದು ಎಲ್ರಿಗೂ ಕಾಣುತ್ತೆ ಕಣ್ರೀ, ಪುರಾವೆ ಯಾಕೆ? ಇಲ್ಲದ್ದಕ್ಕೇ ಪುರಾವೆ ಬೇಕು."

ಕದಿರೇಶ ಮುಖ್ತಿಯಾರನ ಕಾಗದ ತೆಗೆದುಕೊಟ್ಟ. 'ಕೆಲಸ ಗೊತ್ತು ಮಾಡಿಲ್ಲ' ಎಂಬ ಮಾತಿನ ಕೆಳಗೆ ವೆಂಕಟರಾಯಪ್ಪನವರು ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಬಹಳ ಅಚ್ಚುಕಟ್ಟಾದ ದಾಖಲೆ ಎಂದು ಮೆಚ್ಚಿ, ಅದನ್ನು ಕಡತಕ್ಕೆ ಸೇರಿಸಿ ದಾರ ಕಟ್ಟಿದರು. ಆಮೇಲೆ ವೀಕ್ಷಕ ಚನ್ನರಾಯಪ್ಪನನ್ನು ಕರೆದು ಪರಿಚಯ ಮಾಡಿಸಿದರು. ಚನ್ನರಾಯಪ್ಪನಿಗೆ ಹನ್ನೆರಡು ವರ್ಷದ ಸೇವೆ. ಅಷ್ಟರೊಳಗೆ ಎರಡು ಕಚೇರಿ ಬಾಗಿಲು ಹಾಕಿದ್ದನ್ನು ಕುರ್ಚಿಯಿಂದ ಏಳದೆ ನೋಡಿದ್ದ.

ನಿಯಮ ಒಂಬತ್ತರ ಪ್ರಕಾರ ವೀಕ್ಷಕನು ಅಭ್ಯರ್ಥಿಯಿಂದ ಹತ್ತು ಮಾರು ದೂರದಲ್ಲಿ ಇರತಕ್ಕದ್ದು, ಯಾರಿಗೂ ತನ್ನ ಹೆಸರು ಊರು ತಿಳಿಸತಕ್ಕದ್ದಲ್ಲ, ನೋಡುವುದರ ಹೊರತು ಬೇರೆ ಯಾವ ಕೆಲಸವನ್ನೂ ಮಾಡತಕ್ಕದ್ದಲ್ಲ.

ಮೊದಲ ಪರೀಕ್ಷೆ ಶ್ರೀನಿವಾಸಪುರದಲ್ಲಿ. ಫೆಬ್ರವರಿ ಎರಡನೇ ತಾರೀಖು ಬೆಳಿಗ್ಗೆ ಹತ್ತೂವರೆಗೆ ಕದಿರೇಶ ತಗಡಿನ ಟ್ರಂಕು ಹಿಡಿದು ಬಸ್ಸಿನಿಂದ ಇಳಿದು ಒಂದು ಕಲ್ಲಿನ ಮೇಲೆ ಕೂತ. ಹತ್ತು ಮಾರು ದೂರದಲ್ಲಿ ಚನ್ನರಾಯಪ್ಪ ಕೊಡೆ ಬಿಚ್ಚಿಕೊಂಡು ಕೂತ. ಎದುರಿಗೆ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದ ಭಾರತಮ್ಮನೆಂಬ ಮುದುಕಿ ಇಬ್ಬರನ್ನೂ ನೋಡಿ, ಕೊಡೆಯವನು ಲಾಯಕ್ಕಿಲ್ಲ ಎನ್ನಿಸಿ, ಟ್ರಂಕಿನವನನ್ನು ಕೇಳಿದಳು.

"ಯಾವೂರಪ್ಪಾ?"

"ಮುಳಬಾಗ್ಲು ಕಡೆ."

"ಕಡೆ ಅನ್ನೋದೂ ಒಂದು ಊರಾ?"

ಕದಿರೇಶ ಬಾಯಿ ಬಿಗಿಹಿಡಿದ. ಆದರೆ ವಯಸ್ಸಾದವಳು ಕೇಳಿದರೆ ಎಷ್ಟೊತ್ತು ಸುಮ್ಮನಿರಲಾದೀತು? "ದೇವರಾಯಸಮುದ್ರ," ಎಂದ.

"ಕೆರೆ ಹತ್ರಾನಾ, ಮೇಲಿನ್ ಬೀದೀನಾ?"

"ಕೆರೆ ಹತ್ರ."

"ಅಲ್ಲಿ ಆದಿಲಕ್ಷ್ಮಮ್ಮ ಅಂತ ಇರ್ಬೇಕಲ್ಲ, ತಾಯಲೂರಿಂದ ಸೊಸೆ ಮಾಡ್ಕೊಂಡು ತಂದಿದ್ದು."

"ನಮ್ಮಮ್ಮ."

"ಅಯ್ಯೋ ನಾ ಕೊಡುಕಾ, ನನ್ ಮಗನೇ!" ಎಂದು ಭಾರತಮ್ಮ ಕಡಲೆಕಾಯಿ ಬುಟ್ಟಿ ಬಿಟ್ಟು ಎದ್ದೇ ಬಂದಳು. "ನಿಮ್ಮಮ್ಮನೂ ನಾನೂ ಅಕ್ಕತಂಗೀರ್ ಮಕ್ಕಳು ಕಣೋ. ನಾನು ನಿಂಗೆ ದೊಡ್ಡಮ್ಮ. ದೊಡ್ಡಮ್ಮನ ಮನೆ ಇಟ್ಕೊಂಡು ಕಲ್ಲಿನ್ ಮೇಲೆ ಕೂತಿದೀಯಲ್ಲ, ನೋಡ್ದೋರು ಏನಂದಾರು? ಏಳು, ಏಳು."

ಆವತ್ತು ಕದಿರೇಶ ಎರಡು ಮುದ್ದೆ, ಹಿದುಕಿದ ಅವರೆಬೇಳೆ ಸಾರು ಉಂಡ. ಚನ್ನರಾಯಪ್ಪ ತನ್ನ ಪುಸ್ತಕದಲ್ಲಿ 'ಅಭ್ಯರ್ಥಿಗೆ ಹನ್ನೊಂದು ನಿಮಿಷದಲ್ಲಿ ದೊಡ್ಡಮ್ಮ ದೊರೆತಿರುತ್ತಾರೆ. ಅನುತ್ತೀರ್ಣ' ಎಂದು ಬರೆದ. ಕದಿರೇಶ ಎರಡು ದಿನ ದೊಡ್ಡಮ್ಮನ ಉಪಚಾರ ಮಾಡಿಸಿಕೊಂಡು ಊರಿಗೆ ಹಿಂದಿರುಗಿದ. ಪ್ರವಾಸದ ಆದೇಶ ಇಪ್ಪತ್ತೊಂದು ದಿನಕ್ಕೆ ಆಗಿದ್ದರಿಂದ ಚನ್ನರಾಯಪ್ಪ ಮಾತ್ರ ಕೊಡೆ ಸಮೇತ ಅಲ್ಲೇ ಉಳಿದ.

ಪರದೇಶದಲ್ಲಿ ದೊಡ್ಡಮ್ಮಂದಿರು ಇರುವುದಿಲ್ಲವೆಂಬುದನ್ನು ಗಮನದಲ್ಲಿಟ್ಟುಕೊಂಡು ಎರಡನೇ ಪರೀಕ್ಷೆಯನ್ನು ಬಿಗಿಗೊಳಿಸಲಾಯಿತು. ಪಕ್ಕದ ತಾಲ್ಲೂಕು ಬಿಟ್ಟು ಅದರಾಚೆಯ ಮಾಲೂರು ತಾಲ್ಲೂಕಿನ ಮಾಸ್ತಿಯನ್ನು ಆರಿಸಿ, ಮುಂಚಿತವಾಗಿ ತಮಟೆ ಹೊಡೆಸಿ ಸಾರಲಾಯಿತು:

'ಮಾಸ್ತಿ ಗ್ರಾಮಸ್ಥರ ಗಮನಕ್ಕೆ. ಸೋಮವಾರ ನಿಮ್ಮ ಊರಿಗೆ ಒಬ್ಬ ಮನುಷ್ಯ ಬರುತ್ತಾನೆ. ಅವನನ್ನು ಯಾವೂರು ಎಂದು ಕೇಳಕೂಡದು. ಊಟ ಆಯಿತೇ ಎಂದು ವಿಚಾರಿಸಕೂಡದು. ಯಾವುದೇ ವರಸೆಯಿಂದ ಸಂಬಂಧ ಕಲ್ಪಿಸಿಕೊಳ್ಳಕೂಡದು. ತಪ್ಪಿದವರನ್ನು ಅವನ ನೆಂಟರೆಂದೇ ಪರಿಗಣಿಸಲಾಗುವುದು.'

ಸೋಮವಾರ ಕದಿರೇಶ ಬಸ್ಸಿಳಿದಾಗ ಅವನನ್ನು ಮಾತಾಡಿಸದೆ ಇರಲು ಇಡೀ ಊರೇ ನೆರೆದಿತ್ತು. ಅವನು ಶಾಲೆಯ ಜಗಲಿಯ ಮೇಲೆ ಟ್ರಂಕು ಇಟ್ಟುಕೊಂಡ. ವೀಕ್ಷಕ ಇನ್ನೂ ಶ್ರೀನಿವಾಸಪುರದಲ್ಲೇ ಇದ್ದುದರಿಂದ ಜನವೇ ಎದುರಿಗೆ ಸಾಲಾಗಿ ಕೂತು ನೋಡಿದರು. ಕೇಳಬೇಕಾದ್ದನ್ನು ಕೇಳಲಾಗದೆ ಕೆಲವರಿಗೆ ಹೊಟ್ಟೆ ಉಬ್ಬರಿಸಿಕೊಂಡಿತು. ಮೂರು ದಿನ ಅವನು ಹೋಟೆಲಿನಲ್ಲಿ ತಿಂದು, ಜಗಲಿಯ ಮೇಲೆ ಮಲಗಿ, ಯಾರೊಡನೆಯೂ ಒಂದು ಮಾತಾಡದೆ ಕಳೆದ. ಪರದೇಶವೆಂದರೆ ಹೀಗೇ ಇರುವುದಾದರೆ ಅಲ್ಲಿಗೆ ಹೋಗುವವರಿಗೆ ತಲೆ ಕೆಟ್ಟಿರಬೇಕು ಎನ್ನಿಸಿ, ಮೂರನೇ ದಿನ ಸಾಯಂಕಾಲ ಅವನಿಗೆ ಅಳುವೇ ಬಂದಿತ್ತು.

ನಾಲ್ಕನೇ ದಿನ ಬೆಳಿಗ್ಗೆ ಗಾಳಿಯಲ್ಲಿ ಒಂದು ವಾಸನೆ ಬಂತು. ಸುಟ್ಟ ವಾರ್ನಿಷ್ ಮತ್ತು ತಾಮ್ರದ ವಾಸನೆ. ಕದಿರೇಶ ಮೂಗಿಗೆ ಟವೆಲ್ ಮುಚ್ಚಿಕೊಂಡ. ಅಷ್ಟರಲ್ಲಿ ಆವಲಪ್ಪನೆಂಬ ರೈತ ಎತ್ತಿನ ಗಾಡಿಯಲ್ಲಿ ಮೋಟಾರ್ ಹೇರಿಕೊಂಡು, ಮಾಲೂರಿಗೆ ಒಯ್ದು ತರುವ ಹೊತ್ತಿಗೆ ಹೂಬಿಟ್ಟ ಟೊಮೇಟೊ ಎಲ್ಲ ಬಾಡಿಹೋಗುತ್ತದೆಂದು ಯಾರಿಗೋ ಹೇಳಿಕೊಳ್ಳುತ್ತಾ ಜಗಲಿಯ ಮುಂದೆ ಹಾದುಹೋದ. ಟವೆಲಿನೊಳಗಿಂದ ಮಾತು ತಾನಾಗಿಯೇ ಹೊರಟುಬಿಟ್ಟಿತು.

"ಎಷ್ಟು ಹೆಚ್‌ಪಿ ಅಣ್ಣಾ?"

ಆವಲಪ್ಪ ಗಾಡಿ ನಿಲ್ಲಿಸಿದ. ತಮಟೆಯವನು ಹೇಳಿದ್ದನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿ ನೋಡಿದ. ಊರು ಕೇಳಬಾರದು, ಊಟ ಕೇಳಬಾರದು. ಮೋಟಾರಿನ ವಿಷಯ ಏನೂ ಹೇಳಿರಲಿಲ್ಲ.

"ಐದು," ಎಂದ.

ಮಾರನೆಯ ದಿನ ಮಧ್ಯಾಹ್ನಕ್ಕೆ ಆವಲಪ್ಪನ ಬಾವಿಯಿಂದ ನೀರು ಬಂತು. ಶನಿವಾರದ ಹೊತ್ತಿಗೆ ಶಾಲೆಯ ಮುಂದೆ ಒಂಬತ್ತು ಮೋಟಾರ್ ಸಾಲಾಗಿ ನಿಂತಿದ್ದವು. ಅವನು ಯಾವ ಊರಿನವನೋ ಯಾರ ಮಗನೋ ಯಾರಿಗೂ ಗೊತ್ತಿಲ್ಲ, ಕೇಳುವ ಹಾಗೂ ಇಲ್ಲ. ಎಲ್ಲರೂ "ಮೇಸ್ತ್ರೀ, ನಮ್ದೂ ಒಸಿ ನೋಡಿ" ಎಂದು ಕೈಮುಗಿದು ಕೇಳುತ್ತಿದ್ದರು. ಮೊದಲ ಸಲ ಹಾಗೆ ಕರೆಸಿಕೊಂಡಾಗ ಕದಿರೇಶ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ. ಜೀವಮಾನದಲ್ಲಿ ಅಷ್ಟು ಖುಷಿ ಅವನಿಗೆ ಯಾವತ್ತೂ ಆಗಿರಲಿಲ್ಲ. ಹಿರಿಯರೆಲ್ಲ ಸೇರಿ 'ಇವರನ್ನು ನಮ್ಮ ಊರಿನ ಮೋಟಾರ್ ಮೇಸ್ತ್ರಿಯಾಗಿ ಇಟ್ಟುಕೊಂಡಿದ್ದೇವೆ' ಎಂದು ಕಾಗದ ಬರೆದು ಹೆಬ್ಬೆಟ್ಟು ಒತ್ತಿದರು. ಅದನ್ನು ಹಿಡಿದುಕೊಂಡು ಅವನು ಕೋಲಾರಕ್ಕೆ ಓಡಿದ.

"ನೋಡಿ ಸಾರ್! ಗುರುತಿಲ್ಲದ ಊರಲ್ಲಿ ನಾಲ್ಕೇ ದಿನಕ್ಕೆ ಕೆಲ್ಸ ಸಿಕ್ತು. ಬಹರೈನಲ್ಲೂ ಸಿಗುತ್ತೆ. ನಾನು ಹೋಗ್ತೀನಿ ಸಾರ್, ನಂಗೀಗ ಗೊತ್ತಾಯ್ತು. ಹೋಗ್ತೀನಿ."

ಮೂರು ತಿಂಗಳಿಂದ ಎಲ್ಲರನ್ನೂ ಕೇಳುತ್ತಿದ್ದ ಪ್ರಶ್ನೆಗೆ ಅವನೇ ಉತ್ತರ ಹೇಳಿದ್ದು ಅದೇ ಮೊದಲು. ವೆಂಕಟರಾಯಪ್ಪನವರು ಕನ್ನಡಕ ಒರೆಸಿಕೊಂಡರು.

"ನಮಗೆ ಬಹಳ ಸಂತೋಷ. ಆದ್ರೆ ಕೆಲಸ ಇಲ್ದೆ ಬದುಕಿ ತೋರಿಸ್ಬೇಕು ಅನ್ನೋದು ಪರೀಕ್ಷೆ. ನೀವು ಕೆಲಸ ಹುಡುಕ್ಕೊಂಡ್ಬಿಟ್ರಿ. ಅನುತ್ತೀರ್ಣ."

"ಹುಡುಕ್ಕೊಳ್ಳೋಕೆ ತಾನೇ ಸಾರ್ ಅಲ್ಲಿಗೂ ಹೋಗೋದು?"

"ಅದು ನಿಮ್ಮ ಉದ್ದೇಶ. ಘಟಕದ ಉದ್ದೇಶ ಬೇರೆ. ಈಗ ನಿಮ್ಮ ಕೈಲಿ ಕೆಲಸದ ಆದೇಶ ಇದೆ. ಅಂದ್ಮೇಲೆ ನೀವು ಉದ್ಯೋಗರಹಿತರಲ್ಲ. ಉದ್ಯೋಗಸಹಿತ ವಲಸೆಗೆ ಪರೀಕ್ಷೇನೇ ಇಲ್ಲ, ಈಗ್ಲೇ ಮಂಜೂರು ಮಾಡ್ತೀನಿ."

ಕದಿರೇಶನ ಮುಖ ಅರಳಿತು. "ಬಹರೈನಿಗಾ ಸಾರ್?"

"ಆದೇಶ ಎಲ್ಲಿಂದ ಬಂದಿದೆಯೋ ಅಲ್ಲಿಗೆ." ಕಾಗದವನ್ನು ಮತ್ತೊಮ್ಮೆ ನೋಡಿ ಬರೆದುಕೊಂಡರು. "ಮಾಸ್ತಿಗೆ."

ಕದಿರೇಶ ಮುಖ್ತಿಯಾರನ ಕಾಗದವನ್ನಾದರೂ ವಾಪಸ್ ಕೊಡಿ, ಅರ್ಧ ಚಾಪೆ ಯುಗಾದಿವರೆಗೂ ಇದೆ, ತಾನು ಹೇಗಾದರೂ ಹೋಗುತ್ತೇನೆ ಎಂದು ಅಂಗಲಾಚಿದ.

"ಆ ಚಾಪೆ ಕಡತದಲ್ಲಿದೆಯಲ್ಲ ಕಣ್ರೀ," ಎಂದರು ವೆಂಕಟರಾಯಪ್ಪನವರು, ಬೇಸರ ಮಾಡಿಕೊಳ್ಳದೆ. "ಉತ್ತೀರ್ಣರಾದೋರಿಗೆ ಹೋಗ್ಬೇಕು. ಒಬ್ರು ಆಗಿದಾರೆ."

ಆಗಿದ್ದವನು ಚನ್ನರಾಯಪ್ಪ. ಶ್ರೀನಿವಾಸಪುರದಲ್ಲಿ ಇಪ್ಪತ್ತೊಂದು ದಿನ ಅವನನ್ನು ಯಾರೂ ಯಾವೂರು ಎಂದು ಕೇಳಿರಲಿಲ್ಲ, ಯಾರೂ ಊಟಕ್ಕೆ ಕರೆದಿರಲಿಲ್ಲ. ಯಾವ ಕೆಲಸವನ್ನೂ ಅವನು ಮಾಡಿರಲಿಲ್ಲ. ಎಲ್ಲವೂ ಅವನ ಕೈಬರಹದಲ್ಲೇ ದಿನವಾರು ದಾಖಲಾಗಿತ್ತು. ಕೆಲಸವಿಲ್ಲದೆ ಇರುವುದರಲ್ಲಿ ಹಿಂದಿನ ಹನ್ನೆರಡು ವರ್ಷದ ಅನುಭವವನ್ನು ಹೆಚ್ಚುವರಿ ಅರ್ಹತೆಯೆಂದು ಪರಿಗಣಿಸಿ, ಅವನಿಗೆ ವಿಶೇಷ ದರ್ಜೆ ನೀಡಲಾಗಿತ್ತು. ಯುಗಾದಿಗೆ ನಾಲ್ಕು ದಿನ ಮೊದಲು, ಕೊಡೆ ಸಮೇತ, ಅವನು ಬಹರೈನಿಗೆ ಹೋದ. ಈಗಲೂ ಅಲ್ಲೇ ಇದ್ದಾನೆ. ಅಲ್ಲಿ ಯಾವುದೋ ಕಂಪನಿಯವರು ಅವನ ಅನುಭವ ಕೇಳಿ ಮೇಲ್ವಿಚಾರಕನನ್ನಾಗಿ ಮಾಡಿದ್ದಾರೆಂದು ಮುಖ್ತಿಯಾರ್ ಬರೆದಿದ್ದ.

ಕದಿರೇಶನ ವಲಸೆಯೂ ಕ್ರಮಬದ್ಧವಾಗಿಯೇ ನಡೆಯಿತು. ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ಹಾರ ಹಾಕಿದರು. ಗೌಸ್ ಸಾಹೇಬರು ಅತ್ತರು ಹಚ್ಚಿ, ಅಪ್ಪಿಕೊಂಡು, ಬಾಕಿ ಉಳಿದ ಮೂರು ಮೋಟಾರಿನ ಸುದ್ದಿ ಎತ್ತದೆ ಕಣ್ಣೊರೆಸಿಕೊಂಡರು. ಆದಿಲಕ್ಷ್ಮಮ್ಮ ಬಿಕ್ಕಿಬಿಕ್ಕಿ ಅತ್ತಳು. ಇದು ಕೋಲಾರ ದಾಟಿ, ಮಾಲೂರು ದಾಟಿ ಅಲ್ಲೇ ಇರುವ ಮಾಸ್ತಿ ಎಂದು ಯಾರೂ ಅನ್ನಲಿಲ್ಲ. ಹಾರ ಹಾಕಿಸಿಕೊಂಡವನು ಎರಡು ವರ್ಷದೊಳಗೆ ತಿರುಗಿ ಬಂದರೆ ಹಾಕಿದವರ ಮರ್ಯಾದೆಗೆ ಕುಂದೆಂದು ಘಟಕ ಆದೇಶದಲ್ಲೇ ನಮೂದಿಸಿತ್ತು. ಘಟಕ ಆಮೇಲೆ ಬಾಗಿಲು ಹಾಕಿತು, ಆದೇಶ ಹಾಗೇ ಉಳಿಯಿತು.

ಆರನೇ ತಿಂಗಳಿಗೆ ಕದಿರೇಶನಿಗೆ ಅಮ್ಮನನ್ನು ನೋಡಬೇಕೆನ್ನಿಸಿತು. ಮಾಸ್ತಿಯಲ್ಲಿ ಅವನು ಮೇಸ್ತ್ರಿ, ಊರೆಲ್ಲ ಮರ್ಯಾದೆ. ಆದರೂ ಒಂದು ಭಾನುವಾರ ಅಲ್ಲಿನ ತನ್ನ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿ, ಊಟದ ಹೊತ್ತಿಗೆ ದೇವರಾಯಸಮುದ್ರದಲ್ಲಿ ಇಳಿದ.

ಬಾಗಿಲಲ್ಲಿ ಮಗನನ್ನು ಕಂಡ ಆದಿಲಕ್ಷ್ಮಮ್ಮ ಬೀದಿಯ ಎರಡೂ ಕಡೆ ನೋಡಿ, ಅವನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು.

"ಯಾಕೋ ಬಂದೆ? ಕೆಲಸದಿಂದ ತೆಗೆದ್ರಾ?"

"ಇಲ್ಲಮ್ಮಾ, ನಿನ್ನ ನೋಡೋಣ ಅಂತ."

"ಆರೇ ತಿಂಗಳಿಗೆ ಬಂದ್ರೆ ಜನ ಏನಂತಾರೋ? ಹಾರ ಹಾಕಿದೋರಿಗೆ ನಾನು ಏನ್ ಮುಖ ತೋರಿಸ್ಲಿ?"

ಹಾಗೆನ್ನುತ್ತಲೇ ಅವಳು ಮುದ್ದೆ ತೊಳಸಿ, ಬಿಸಿಬಿಸಿಯಾಗಿ ಬಡಿಸಿ, ತುಪ್ಪ ಹಾಕಿ, ತಲೆ ಸವರಿ, ಇಳಿದುಹೋಗಿದ್ದೀಯ ಎಂದು ಅತ್ತಳು. ಬೆಕ್ಕು ಪಾತ್ರೆ ಉರುಳಿಸಿದಾಗ ಇಬ್ಬರೂ ಉಸಿರು ಹಿಡಿದು ಕೂತರು. ಮೂರೂವರೆ ಬಸ್ಸಿಗೆ, ಬೀದಿಯಲ್ಲಿ ಜನವಿಲ್ಲದ್ದನ್ನು ನೋಡಿಕೊಂಡು, ಹಿತ್ತಿಲ ಬಾಗಿಲಿನಿಂದ ಅವನನ್ನು ಕಳಿಸಿಕೊಟ್ಟಳು.

ಬಸ್ಸಿನಲ್ಲಿ ಕೂತ ಕದಿರೇಶನಿಗೆ ತನ್ನದೇ ತಪ್ಪು, ಹೀಗೆ ಅವಸರಪಟ್ಟು ಬರಬಾರದಿತ್ತು ಎನ್ನಿಸಿತು. ಅಷ್ಟು ದೂರ ಹೋದವರು ಎರಡು ವರ್ಷಕ್ಕೆ ಮೊದಲು ಬರುವ ಪದ್ಧತಿ ಎಲ್ಲೂ ಇಲ್ಲ.